ಕೊಳೆತ ಮರದ ಮೇಲೆ ಮೂಡಿದ ಅಣಬೆ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಹಿಡಿದು ಹದಿನೈದು ದಿನ ಕಳೆದರೆ ಸಾಕು. ಎಲೆ ಉದುರುವ ಕಾಡಿನಲ್ಲಿ ಬಿದ್ದ ದಿಮ್ಮಿ, ಒಣಗಿದ ಕೊಂಬೆ, ಕಡಿದ ಮರದ ಬುಡ, ಎಲ್ಲದರ ಮೇಲೂ ಏನಾದರೊಂದು ಮೂಡಿರುತ್ತದೆ. ಭದ್ರಾ, ದಾಂಡೇಲಿ, ನಾಗರಹೊಳೆ ಕಡೆಯ ಸಾಗುವಾನಿ, ಮತ್ತಿ, ನಂದಿ ಮರಗಳ ಕಾಡನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಜನ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು.

ಮರದ ಮೇಲೆ ಬೆಳೆದದ್ದೆಲ್ಲ ಮರ ಕೊಳೆಸುವ ಅಣಬೆಯೇನಾ?

ಬಹುಪಾಲು ಹೌದು. ಆದರೆ ಎರಡು ವಿಷಯ ಗಮನಿಸಿ. ತೊಗಟೆಗೆ ಅಂಟಿಕೊಂಡ ಬೂದುಹಸಿರು ಚಕ್ಕೆಗಳು ಕಲ್ಲುಹೂವಿನ ಜಾತಿಯವು. ಅವು ತೊಗಟೆಯ ಮೇಲೆ ಜಾಗ ಮಾಡಿಕೊಂಡಿರುತ್ತವೆ, ಅಷ್ಟೇ. ಮರವನ್ನು ಕೊಳೆಸುವುದಿಲ್ಲ.

ಇನ್ನೊಂದು, ಮರದ ಬುಡದಲ್ಲಿ ನೆಲದಿಂದ ಎದ್ದ ಕೊಡೆ. ಅದು ಮರದ ಬೇರಿನಿಂದ ಬಂದಿದೆಯೋ, ಹುತ್ತದಿಂದ ಬಂದಿದೆಯೋ ನೋಡಬೇಕು. ಗುಡುಗಿದ ಮೇಲೆ ಏಳುತ್ತದೆ ಎಂದು ನಮ್ಮ ಹಿರಿಯರು ಹೇಳುವ ಹುತ್ತದ ಅಣಬೆಗೆ ನೆಲದೊಳಗೆ ಉದ್ದ ಬೇರಿನಂಥ ಕಾಲು ಇರುತ್ತದೆ. ಅದು ಗೆದ್ದಲಿನ ಗೂಡಿನವರೆಗೆ ಹೋಗಿರುತ್ತದೆ. ಅದರ ಕಥೆಯೇ ಬೇರೆ, ಇಲ್ಲಿ ಅದರ ಮಾತು ಬೇಡ.

ಅಣಬೆ ಕಂಡ ತಕ್ಷಣ ಮೊದಲು ಏನು ನೋಡಬೇಕು?

ಮರ ನೋಡಿ. ಅಣಬೆ ಆಮೇಲೆ.

ಹೆಚ್ಚಿನವರು ಅಣಬೆಯ ಬಣ್ಣಕ್ಕೆ ಮನಸೋತು ಅದು ಯಾವ ಮರದ ಮೇಲಿತ್ತು ಎಂಬುದನ್ನೇ ಮರೆಯುತ್ತಾರೆ. ಮರ ಬದುಕಿದೆಯಾ, ಸತ್ತಿದೆಯಾ? ನಿಂತಿದೆಯಾ, ಬಿದ್ದಿದೆಯಾ? ಅಣಬೆ ಬುಡದಲ್ಲಿದೆಯಾ, ಕೊಂಬೆಯಲ್ಲಿದೆಯಾ? ತೊಗಟೆ ಇನ್ನೂ ಉಳಿದಿದೆಯಾ? ಬಿಸಿಲು ಬೀಳುವ ಜಾಗವಾ, ನೆರಳಾ? ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಉದಾಹರಣೆಗೆ, ಕೆಂಪು ಕಿತ್ತಳೆ ಬಣ್ಣದ ಪಿಕ್ನೋಪೋರಸ್ ಹೆಚ್ಚಾಗಿ ಬಿಸಿಲು ಬೀಳುವ ಸತ್ತ ಕಟ್ಟಿಗೆಯ ಮೇಲೆ ಕಾಣುತ್ತದೆ. ಹೊಳೆಯುವ ಗಟ್ಟಿ ಅಣಬೆ ಗ್ಯಾನೋಡರ್ಮಾ ಬುಡದ ಕಡೆ, ಬೇರಿನ ಹತ್ತಿರ ಬರುವುದೇ ಜಾಸ್ತಿ.

ಎಲೆ ಇಲ್ಲದ, ಬಿದ್ದು ಎಷ್ಟೋ ಕಾಲವಾದ ದಿಮ್ಮಿ. ಯಾವ ಮರ ಅಂತ ಹೇಗೆ ತಿಳಿಯುವುದು?

ತೊಗಟೆ ಉಳಿದಿದ್ದರೆ ಕಷ್ಟವಿಲ್ಲ. ಮತ್ತಿಯ ತೊಗಟೆ ಮೊಸಳೆಯ ಚರ್ಮದ ಹಾಗೆ ಚೌಕ ಚೌಕವಾಗಿ ಬಿರಿದಿರುತ್ತದೆ. ನಂದಿಯದು ನಯ, ತಿಳಿ ಬಣ್ಣ, ಹಾಳೆಯಂತೆ ಏಳುತ್ತದೆ. ಹೊನ್ನೆಯ ತೊಗಟೆಗೆ ಗಾಯವಾದರೆ ರಕ್ತದ ಹಾಗೆ ಕೆಂಪು ಅಂಟು ಒಸರುತ್ತದೆ. ಅದು ಹೆಪ್ಪುಗಟ್ಟಿದ ಗುರುತು ಹಳೆಯ ದಿಮ್ಮಿಯಲ್ಲೂ ಕೆಲವೊಮ್ಮೆ ಸಿಗುತ್ತದೆ. ಬಿದಿರನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ತೊಗಟೆ ಹೋಗಿದ್ದರೆ ಸುತ್ತ ನಿಂತಿರುವ ಮರಗಳನ್ನು ನೋಡಿ ಊಹಿಸಿ. ಆದರೆ ಚೀಟಿಯಲ್ಲಿ 'ಊಹೆ' ಎಂದೇ ಬರೆಯಿರಿ. ಸಾಧ್ಯವಾದರೆ ಊರಿನ ಹಿರಿಯರನ್ನೋ ಕಾಡಿನ ವಾಚರ್‌ಗಳನ್ನೋ ಕೇಳಿ. ಒಂದು ತುಂಡು ಕಟ್ಟಿಗೆಯ ಬಣ್ಣ, ತೂಕ, ವಾಸನೆ ನೋಡಿಯೇ ಮರದ ಹೆಸರು ಹೇಳುವವರನ್ನು ನಾನು ಕಂಡಿದ್ದೇನೆ. ಆ ತಿಳಿವಳಿಕೆಗೆ ಯಾವ ಪುಸ್ತಕವೂ ಸಮ ಅಲ್ಲ.

ಅಣಬೆಯ ಕೆಳಭಾಗ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಅದು ಅಷ್ಟು ಮುಖ್ಯವಾ?

ಮುಖ್ಯ ಅಷ್ಟೇ ಅಲ್ಲ, ಅದಿಲ್ಲದೆ ಗುರುತಿಸುವ ಕೆಲಸ ಶುರುವೇ ಆಗುವುದಿಲ್ಲ. ಬೀಜಕ, ಅಂದರೆ ಅಣಬೆಯ ಬೀಜದಂಥ ಪುಡಿ, ಹುಟ್ಟುವುದು ಅಲ್ಲಿ. ಮೇಲಿನ ಬಣ್ಣ ಮಳೆಗೆ, ಬಿಸಿಲಿಗೆ, ವಯಸ್ಸಿಗೆ ಬದಲಾಗುತ್ತದೆ. ಕೆಳಗಿನ ರಚನೆ ಹಾಗೆ ಸುಲಭವಾಗಿ ಬದಲಾಗುವುದಿಲ್ಲ.

ನನಗೆ ಇದು ಮನದಟ್ಟಾದದ್ದು ಒಂದು ಬಿದ್ದ ಮರದ ಮುಂದೆ. ಮೇಲೆ ಕಂದು, ಬೂದು, ಕೆನೆ ಬಣ್ಣದ ಪಟ್ಟಿಗಳಿದ್ದ ಬೀಸಣಿಗೆ ಆಕಾರದ ಅಣಬೆಗಳು ಸಾಲಾಗಿದ್ದವು. ಟ್ರಾಮೆಟಿಸ್ ಎಂದು ಬರೆದುಕೊಂಡು ಮುಂದೆ ಹೋದೆ. ವಾಪಸು ಬರುವಾಗ ಒಂದನ್ನು ಮಗುಚಿ ನೋಡಿದರೆ ಕೆಳಗೆ ಒಂದು ತೂತೂ ಇಲ್ಲ, ಬಳಿದ ಗೋಡೆಯಂತೆ ನಯ. ಅದು ಸ್ಟೀರಿಯಮ್. ಟ್ರಾಮೆಟಿಸ್ ಆಗಿದ್ದರೆ ಕೆಳಗೆ ಸೂಜಿಯಲ್ಲಿ ಚುಚ್ಚಿದಂಥ ಬಿಳಿ ತೂತುಗಳು ಇರಬೇಕಿತ್ತು. ಮೇಲಿನಿಂದ ನೋಡಿದರೆ ಎರಡೂ ಅವಳಿ ಮಕ್ಕಳ ಹಾಗೆ ಕಾಣುತ್ತವೆ. ಆದರೆ ಎರಡೂ ದೂರದ ಸಂಬಂಧಿಗಳು.

ಕೆಳಗೆ ಏನಿರಬಹುದು? ಮೀನಿನ ಕಿವಿರಿನಂಥ ಪದರ ಇರಬಹುದು. ತೂತುಗಳಿರಬಹುದು. ಮುಳ್ಳಿನಂಥ ಹಲ್ಲುಗಳಿರಬಹುದು. ಪೂರಾ ನಯವಾಗಿಯೂ ಇರಬಹುದು. ತೂತುಗಳಿದ್ದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಮಿಲಿಮೀಟರಿನಲ್ಲಿ ಎಷ್ಟಿವೆ ಎಂದು ಎಣಿಸಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಲೆನ್ಸ್ ಜೇಬಿನಲ್ಲಿದ್ದರೆ ಸಾಕು. ಈ ಎಣಿಕೆಯಿಂದಲೇ ಎಷ್ಟೋ ಜಾತಿಗಳು ಬೇರೆಯಾಗುತ್ತವೆ. ಎತ್ತರದಲ್ಲಿದ್ದರೆ, ಕೀಳಲು ಮನಸ್ಸಿಲ್ಲದಿದ್ದರೆ, ಫೋನಿನ ಮುಂದಿನ ಕ್ಯಾಮೆರಾವನ್ನು ಅಡಿಗೆ ಹಿಡಿದು ಸೆಲ್ಫಿಯ ಹಾಗೆ ಒಂದು ಫೋಟೋ ತೆಗೆಯಿರಿ.

ನಮ್ಮ ಕಾಡುಗಳಲ್ಲಿ ಯಾವುವು ಜಾಸ್ತಿ ಕಾಣುತ್ತವೆ?

ಪಟ್ಟಿ ಉದ್ದ. ಕಲಿಯಲು ಹೊರಟವರಿಗೆ ಮೊದಲು ಪರಿಚಯವಾಗಬೇಕಾದ ಕೆಲವನ್ನು ಮಾತ್ರ ಹೇಳುತ್ತೇನೆ.

ನೆಲಕ್ಕೆ ಬಿದ್ದ ತೆಳ್ಳನೆಯ ಕೊಂಬೆಯ ಮೇಲೆ ಪುಟ್ಟ ಆಲಿಕೆಯ ಹಾಗೆ ನಿಂತಿರುವುದು ಮೈಕ್ರೋಪೋರಸ್ ಜಾಂತೋಪಸ್. ಮಳೆ ಬಂದರೆ ಅದರ ಬಟ್ಟಲಲ್ಲಿ ನೀರು ನಿಲ್ಲುತ್ತದೆ. ಒಳಗೆ ಕಂದು ಬಣ್ಣದ ಬಳೆಬಳೆ ಗೆರೆಗಳು. ಕಾಲು ಕೊಂಬೆಗೆ ತಾಗುವ ಕಡೆ ಹಳದಿ ಬಿಲ್ಲೆಯೊಂದು ಅಂಟಿಸಿದ ಹಾಗಿರುತ್ತದೆ. ಆ ಹಳದಿ ಪಾದ ಕಂಡರೆ ಹೆಸರು ಹೇಳಲು ಅಂಜಬೇಕಿಲ್ಲ. ಕೆಳಗೂ ತೂತುಗಳಿವೆ, ಬರಿಗಣ್ಣಿಗೆ ಮಾತ್ರ ಕಾಣುವುದಿಲ್ಲ.

ದೂರದಿಂದಲೇ ಕರೆಯುವುದು ಪಿಕ್ನೋಪೋರಸ್ ಸ್ಯಾಂಗ್ವಿನಿಯಸ್. ಮೇಲೂ ಕೆಳಗೂ ಕುಂಕುಮ ಕಲಸಿದ ಕಿತ್ತಳೆ ಬಣ್ಣ. ತೆಳುವಾಗಿ, ಚರ್ಮದಂತೆ ಬಾಗುತ್ತದೆ. ಹಳತಾದರೆ ಮೇಲ್ಭಾಗ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ, ಕೆಳಗೆ ಮಾತ್ರ ಕೆಂಪು ಉಳಿದಿರುತ್ತದೆ.

ಮಗುಚಿ ನೋಡಿದಾಗ ಜೇನುಹಟ್ಟಿಯ ಕಣ್ಣುಗಳಂಥ ದೊಡ್ಡ ಆರುಮೂಲೆ ತೂತುಗಳಿದ್ದರೆ ಅದು ಹೆಕ್ಸಗೋನಿಯಾ. ಒಣ ಕಾಡಿನ ಸತ್ತ ಕೊಂಬೆಗಳ ಮೇಲೂ ಇದು ಸಿಗುತ್ತದೆ.

ಕಿವಿಯ ಆಕಾರದಲ್ಲಿ, ಮುಟ್ಟಿದರೆ ಜೆಲ್ಲಿಯ ಹಾಗೆ ಇರುವುದು ಆರಿಕ್ಯುಲೇರಿಯಾ. ಬಿಸಿಲು ಬಂದರೆ ಒಣಗಿ ಕರಿ ಸಿಪ್ಪೆಯಾಗುತ್ತದೆ, ಮಳೆ ಬಂದರೆ ಮತ್ತೆ ಉಬ್ಬುತ್ತದೆ. ಚೀನೀ ಅಡುಗೆಯ ಸೂಪಿನಲ್ಲಿ ತೇಲುವ ಕಪ್ಪು ಅಣಬೆ ಇದರದೇ ಕುಲ.

ಕಪ್ಪು ಇದ್ದಿಲಿನ ಉಂಡೆಯಂತಿರುವುದು ಡಾಲ್ಡೀನಿಯಾ. ಚಾಕುವಿನಿಂದ ಎರಡು ಹೋಳು ಮಾಡಿದರೆ ಒಳಗೆ ಬೂದು ಕಪ್ಪು ಉಂಗುರಗಳು ಮರದ ವರ್ಷದ ಉಂಗುರಗಳಂತೆ ಕಾಣುತ್ತವೆ. ಬೇರೆ ಯಾವ ಪರೀಕ್ಷೆಯೂ ಬೇಡ, ಕೈಗೆ ಕಪ್ಪು ಪುಡಿ ಮೆತ್ತಿಕೊಂಡಿರುತ್ತದೆ.

ಮರದ ಬುಡದಲ್ಲಿ ಕೆಂಗಂದು ಬಣ್ಣದ, ವಾರ್ನಿಶ್ ಬಳಿದಂತೆ ಹೊಳೆಯುವ ಗಟ್ಟಿ ಅಣಬೆ ಗ್ಯಾನೋಡರ್ಮಾ. ಬೆಳೆಯುತ್ತಿರುವಾಗ ಅಂಚು ಬಿಳಿ ಇಲ್ಲವೇ ಹಳದಿ. ಕೆಳಗಿನ ಬಿಳಿ ಭಾಗವನ್ನು ಉಗುರಿನಿಂದ ಗೀರಿದರೆ ಕಂದು ಗೆರೆ ಮೂಡುತ್ತದೆ. ಸುತ್ತಲಿನ ಎಲೆಗಳ ಮೇಲೆ ಕೋಕೋ ಪುಡಿ ಉದುರಿಸಿದ ಹಾಗೆ ಬೀಜಕ ಬಿದ್ದಿರುತ್ತದೆ.

ಕುದುರೆಯ ಗೊರಸಿನ ಹಾಗೆ ಮರಕ್ಕೆ ಕಚ್ಚಿಕೊಂಡು, ಮೇಲೆ ಕಪ್ಪಾಗಿ ಬಿರಿದು, ಒಳಗೆ ತುಕ್ಕಿನ ಬಣ್ಣವಿದ್ದರೆ ಫೆಲಿನಸ್ ಗುಂಪು ಇರಬಹುದು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಹಾಕಿದರೆ ಈ ಗುಂಪಿನವು ತಕ್ಷಣ ಕಪ್ಪಾಗುತ್ತವೆ. ಕಾಲೇಜಿನ ಲ್ಯಾಬಿನಲ್ಲಿ, ಕೈಗವಸು ಹಾಕಿಕೊಂಡು ಮಾಡಿ. ಚರ್ಮ ಸುಡುವ ವಸ್ತು ಅದು.

ಮರ ಕೊಳೆತ ಬಗೆಯಿಂದ ಏನಾದರೂ ತಿಳಿಯುತ್ತಾ?

ತುಂಬಾ ತಿಳಿಯುತ್ತದೆ. ಮರದಲ್ಲಿ ಮುಖ್ಯವಾಗಿ ಎರಡು ವಸ್ತುಗಳಿವೆ. ಸೆಲ್ಯುಲೋಸ್ ನಾರಿನ ಹಾಗೆ, ಲಿಗ್ನಿನ್ ಗಾರೆಯ ಹಾಗೆ. ಗಾರೆಯನ್ನೂ ಒಡೆಯಬಲ್ಲ ಅಣಬೆಗಳು ಮರವನ್ನು ಬಿಳುಚಿ, ನಾರುನಾರಾಗಿ, ಸ್ಪಂಜಿನಂತೆ ಮೆತ್ತಗೆ ಮಾಡುತ್ತವೆ. ಇದನ್ನು ಬಿಳಿ ಕೊಳೆ ಅನ್ನುತ್ತಾರೆ. ಲಿಗ್ನಿನ್ ಬಿಟ್ಟು ಸೆಲ್ಯುಲೋಸ್ ಮಾತ್ರ ತಿನ್ನುವವು ಮರವನ್ನು ಕಂದಾಗಿಸುತ್ತವೆ. ಅದು ಚೌಕ ಚೌಕ ತುಂಡಾಗಿ ಒಡೆದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಅದು ಕಂದು ಕೊಳೆ.

ನಮ್ಮ ಅಗಲ ಎಲೆಯ ಮರಗಳಲ್ಲಿ ಕಾಣುವುದು ಹೆಚ್ಚಾಗಿ ಬಿಳಿ ಕೊಳೆ. ಮೇಲೆ ಹೇಳಿದ ಟ್ರಾಮೆಟಿಸ್, ಪಿಕ್ನೋಪೋರಸ್, ಗ್ಯಾನೋಡರ್ಮಾ ಎಲ್ಲವೂ ಆ ಬಗೆಯವು. ಕಂದು ಕೊಳೆಯ ಅಣಬೆಗಳು ಪೈನ್, ದೇವದಾರಿನಂಥ ಮರಗಳಲ್ಲಿ ಜಾಸ್ತಿ. ಹಾಗಾಗಿ ನಮ್ಮ ಕಾಡಿನಲ್ಲಿ ಚೌಕವಾಗಿ ಒಡೆದ ಕಂದು ಮರ ಸಿಕ್ಕರೆ ಸಾಧ್ಯತೆಗಳ ಪಟ್ಟಿ ಚಿಕ್ಕದಾಗುತ್ತದೆ. ಅದನ್ನು ಫೋಟೋ ತೆಗೆಯದೆ ಬರಬೇಡಿ.

ಲಿಗ್ನಿನ್ ಒಡೆಯುವ ಈ ಶಕ್ತಿ ಶಿಲೀಂಧ್ರಗಳಿಗೆ ಬಂದದ್ದು ಸುಮಾರು 30 ಕೋಟಿ ವರ್ಷಗಳ ಹಿಂದೆ ಎಂದು, ಅವುಗಳ ಜೀನ್‌ಗಳನ್ನು ಹೋಲಿಸಿದ ವಿಜ್ಞಾನಿಗಳು 2012ರಲ್ಲಿ ಅಂದಾಜು ಮಾಡಿದರು. ಕೊಳೆತು ಲಡ್ಡಾದ ಮರದ ತುಂಡೊಂದನ್ನು ಕೈಯಲ್ಲಿ ಹಿಡಿದಾಗ ನನಗೆ ಇದು ನೆನಪಾಗುತ್ತದೆ.

ಬೀಜಕದ ಅಚ್ಚು ತೆಗೆಯುವುದು ಹೇಗೆ?

ಸುಲಭ. ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಅಣಬೆಯ ತಲೆಯನ್ನು ಕೆಳಭಾಗ ಕೆಳಗಾಗುವಂತೆ ಇಡಿ. ಮೇಲೊಂದು ಬಟ್ಟಲು ಮುಚ್ಚಿ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎತ್ತಿದರೆ ಕಾಗದದ ಮೇಲೆ ರಂಗೋಲಿಯಂಥ ಅಚ್ಚು ಇರುತ್ತದೆ. ಬಿಳಿ ಬೀಜಕ ಬಿಳಿ ಕಾಗದದಲ್ಲಿ ಕಾಣುವುದಿಲ್ಲ, ಅದಕ್ಕೇ ಕಪ್ಪು ಅರ್ಧ.

ಸಿಂಪಿ ಅಣಬೆಯ ಕುಲಕ್ಕೆ ಬಿಳಿ, ಕೆಲವೊಮ್ಮೆ ತುಸು ನೇರಳೆ ಛಾಯೆ. ಅದೇ ಆಕಾರದ ಕ್ರೆಪಿಡೋಟಸ್‌ಗೆ ಕಂದು. ಪ್ಲೂಟಿಯಸ್‌ಗೆ ನಸುಗೆಂಪು. ಕೊಳೆತ ಬುಡದ ಮೇಲೆ ನೂರಾರು ಪುಟಾಣಿ ಗಂಟೆಗಳಂತೆ ಏಳುವ ಕೊಪ್ರಿನೆಲ್ಲಸ್‌ಗೆ ಕಪ್ಪು. ಮರದಂತೆ ಗಟ್ಟಿಯಾದವು ಮತ್ತು ಒಣಗಿದವು ಅಚ್ಚು ಕೊಡದೆ ಇರಬಹುದು. ಬೇಸರ ಬೇಡ.

ಫೋಟೋ ಕಳಿಸಿದರೆ ಹೆಸರು ಹೇಳುತ್ತೀರಾ? ಆ್ಯಪ್ ಹೇಳಿದ್ದು ನಂಬಬಹುದಾ?

ಮೇಲಿನಿಂದ ತೆಗೆದ ಒಂದೇ ಫೋಟೋ ನೋಡಿ ಹೆಸರು ಹೇಳುವುದನ್ನು ನಾನು ಬಿಟ್ಟಿದ್ದೇನೆ. ಕನಿಷ್ಠ ನಾಲ್ಕು ಬೇಕು: ಮೇಲ್ಭಾಗ, ಕೆಳಭಾಗ, ಮರಕ್ಕೆ ಅಂಟಿದ ಜಾಗ, ಕತ್ತರಿಸಿದ ಒಳಭಾಗ. ಪಕ್ಕದಲ್ಲಿ ಸ್ಕೇಲೋ ನಾಣ್ಯವೋ ಇರಲಿ.

ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಜಾಲತಾಣಗಳಲ್ಲಿ ಹಾಕಿದರೆ ತಿಳಿದವರು ನೋಡುತ್ತಾರೆ, ದಾಖಲೆಯೂ ಉಳಿಯುತ್ತದೆ. ಆ್ಯಪ್ ತಾನಾಗಿ ಕೊಡುವ ಹೆಸರನ್ನು ಸುಳಿವು ಎಂದು ಮಾತ್ರ ಇಟ್ಟುಕೊಳ್ಳಿ. ಕುಲದ ಹೆಸರಿಗೇ ನಿಲ್ಲಿಸುವುದರಲ್ಲಿ ಏನೂ ಕಡಿಮೆಯಿಲ್ಲ.

ಗ್ಯಾನೋಡರ್ಮಾದ ಕಥೆಯನ್ನೇ ನೋಡಿ. ಲೂಸಿಡಮ್ ಎಂಬ ಹೆಸರು 1781ರಲ್ಲಿ ಸಸ್ಯಶಾಸ್ತ್ರಜ್ಞ ವಿಲಿಯಂ ಕರ್ಟಿಸ್ ಇಂಗ್ಲೆಂಡಿನ ಅಣಬೆಗೆ ಕೊಟ್ಟದ್ದು. ಆಮೇಲೆ ಪ್ರಪಂಚದಲ್ಲಿ ಎಲ್ಲಿ ಹೊಳೆಯುವ ಗ್ಯಾನೋಡರ್ಮಾ ಕಂಡರೂ ಅದನ್ನೇ ಬರೆದರು. ಚೀನಾದಲ್ಲಿ ಔಷಧಿಗೆ ಬೆಳೆಸುವುದು ಬೇರೆಯೇ ಜಾತಿ ಎಂದು ಗೊತ್ತಾಗಿ, ಅದಕ್ಕೆ 2012ರಲ್ಲಿ ಗ್ಯಾನೋಡರ್ಮಾ ಲಿಂಗ್‌ಜಿ ಎಂಬ ಹೆಸರು ಬಂತು. ನಮ್ಮ ಕಾಡಿನದನ್ನು ಹೊಳಪು ನೋಡಿ ಲೂಸಿಡಮ್ ಎಂದು ಬರೆಯುವುದಕ್ಕಿಂತ 'ಗ್ಯಾನೋಡರ್ಮಾ, ಮತ್ತಿಯ ಬುಡದಲ್ಲಿ' ಎಂದು ಬರೆದದ್ದು ಹೆಚ್ಚು ಬೆಲೆಬಾಳುತ್ತದೆ.

ಗ್ಯಾನೋಡರ್ಮಾ ಔಷಧಿ ಅಲ್ವಾ? ಕಾಡಿನದನ್ನು ಕುದಿಸಿ ಕುಡಿಯಬಹುದಾ?

ಬೇಡ. ಜಾತಿಯೇ ಖಚಿತವಿಲ್ಲದ ಅಣಬೆಯ ಕಷಾಯ ಕುಡಿಯುವುದು ಸರಿಯಲ್ಲ. ಅಣಬೆಗಳು ಸೀಸದಂಥ ಲೋಹಗಳನ್ನೂ ಹೀರಿಕೊಳ್ಳುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗಂತೂ ಇನ್ನೂ ಅಪಾಯ.

ಮರದ ಮೇಲೆ ಬೆಳೆದ ಅಣಬೆಗೆ ವಿಷ ಇರುವುದಿಲ್ಲ ಅನ್ನುತ್ತಾರಲ್ಲ?

ಈ ಮಾತು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ದಯವಿಟ್ಟು ನಂಬಬೇಡಿ. ಪ್ರಪಂಚದ ಅತಿ ಅಪಾಯದ ಅಣಬೆಗಳಲ್ಲಿ ಒಂದಾದ ಗ್ಯಾಲರೀನಾ ಮಾರ್ಜಿನೇಟಾ ಬೆಳೆಯುವುದೇ ಕೊಳೆತ ಮರದ ಮೇಲೆ. ಸಿಂಪಿ ಅಣಬೆಯಂತೆ ಗೊಂಚಲಾಗಿ ಬರುವ ಓಂಫಲೋಟಸ್ ಕುಲದವು ಜೋರಾಗಿ ವಾಂತಿ ಮಾಡಿಸುತ್ತವೆ.

ವಿಷವಿದ್ದರೆ ಜೊತೆಗೆ ಬೇಯಿಸಿದ ಬೆಳ್ಳುಳ್ಳಿ ಕಪ್ಪಾಗುತ್ತದೆ, ಅರಿಶಿನದ ಬಣ್ಣ ಬದಲಾಗುತ್ತದೆ, ಹುಳ ತಿಂದಿದ್ದರೆ ನಾವೂ ತಿನ್ನಬಹುದು. ಇವ್ಯಾವುವೂ ನಿಜವಲ್ಲ. ಗ್ಯಾಲರೀನಾದಲ್ಲಿರುವ ಅಮಟಾಕ್ಸಿನ್ ಎಂಬ ವಿಷ ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ಅಣಬೆ ತರುವವರು ತಮ್ಮ ನೆಲದ ಕೆಲವೇ ಜಾತಿಗಳನ್ನು ನೋಡಿ ನೋಡಿ ಅರಿತವರು. ಬರಹ ಓದಿ, ಫೋಟೋ ನೋಡಿ ಆ ಅರಿವು ಬರುವುದಿಲ್ಲ. ಈ ಪುಟವನ್ನು ನೋಡಿ ಯಾವುದನ್ನೂ ತಿನ್ನಬೇಡಿ.

ಯಾರಾದರೂ ತಿಂದುಬಿಟ್ಟರೆ?

ಕಾಯಬೇಡಿ, 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ. ಉಳಿದ ಅಣಬೆ, ಅಡುಗೆ, ಇದ್ದರೆ ಫೋಟೋ, ಎಲ್ಲ ತೆಗೆದುಕೊಂಡು ಹೋಗಿ. ಅಮಟಾಕ್ಸಿನ್ ಇದ್ದರೆ ವಾಂತಿ ಭೇದಿ ಶುರುವಾಗುವುದೇ ಸಾಮಾನ್ಯವಾಗಿ 6ರಿಂದ 24 ಗಂಟೆಯ ಮೇಲೆ. ಆಮೇಲೆ ಒಂದು ದಿನ ಗುಣವಾದಂತೆ ಅನಿಸುತ್ತದೆ. ಅದೇ ಹೊತ್ತಿನಲ್ಲಿ ಒಳಗೆ ಲಿವರ್ ಹಾಳಾಗುತ್ತಿರುತ್ತದೆ. 'ಈಗ ಪರವಾಗಿಲ್ಲ' ಎಂದು ಮನೆಯಲ್ಲೇ ಉಳಿದರೆ ಜೀವಕ್ಕೇ ಕುತ್ತು.

ಕಾಡಿನಿಂದ ಕಿತ್ತು ತರಬಹುದಾ?

ಬಂಡೀಪುರ, ನಾಗರಹೊಳೆಯಂಥ ರಾಷ್ಟ್ರೀಯ ಉದ್ಯಾನಗಳಲ್ಲಿ, ಅಭಯಾರಣ್ಯಗಳಲ್ಲಿ ಅನುಮತಿ ಇಲ್ಲದೆ ಏನನ್ನೂ ತರುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ. ಮೀಸಲು ಅರಣ್ಯಕ್ಕೂ ಅರಣ್ಯ ಇಲಾಖೆಯ ನಿಯಮಗಳಿವೆ. ಫೋಟೋ ಸಾಕು. ಕಲಿಯಲು ನಿಮ್ಮ ತೋಟ, ಬೇಲಿ, ಸೌದೆ ರಾಶಿ, ರಸ್ತೆ ಬದಿಯ ಬಿದ್ದ ಕೊಂಬೆ ಧಾರಾಳವಾಗಿವೆ. ತಂದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಡಿ, ಬೆವರಿ ಕೊಳೆಯುತ್ತದೆ. ಪೇಪರ್ ಪೊಟ್ಟಣ ಒಳ್ಳೆಯದು.

ಅಣಬೆ ಬಂದರೆ ಮರ ಸಾಯುತ್ತಾ? ಕಿತ್ತು ಹಾಕಿದರೆ ಉಳಿಯುತ್ತಾ?

ನಾವು ಕಾಣುವ ಅಣಬೆ ಹಣ್ಣಿನ ಹಾಗೆ. ನಿಜವಾದ ಜೀವಿ ಮರದೊಳಗೆ ಬಿಳಿ ನೂಲಿನ ಬಲೆಯಾಗಿ ಹರಡಿರುತ್ತದೆ. ಹಣ್ಣು ಕಿತ್ತರೆ ಗಿಡಕ್ಕೆ ಏನಾಗುತ್ತದೆ? ಹಾಗೆಯೇ ಇದೂ.

ಹೆಚ್ಚಿನವು ಸತ್ತ ಮರವನ್ನೇ ತಿನ್ನುತ್ತವೆ. ಕೆಲವು ಬದುಕಿದ ಮರದ ಒಳಗಿನ ಚೇಗನ್ನು ತಿಂದು ಪೊಟರೆ ಮಾಡುತ್ತವೆ. ಕಾಡಿನಲ್ಲಿ ಇದು ನಷ್ಟವಲ್ಲ. ದಾಂಡೇಲಿಯ ಮಂಗಟ್ಟೆ ಹಕ್ಕಿಗೆ ತಾನೇ ಪೊಟರೆ ಕೊರೆಯಲು ಬರುವುದಿಲ್ಲ. ಹಳೆಯ ಮರದಲ್ಲಿ ಕೊಳೆತು ಆದ ಪೊಟರೆಯೇ ಅದರ ಬಾಣಂತನದ ಮನೆ. ಅಣಬೆ ಹಿಡಿದ ಮುದಿ ಮರ ಕಂಡರೆ 'ಹಾಳಾಯಿತು' ಎಂದು ಕಡಿಯಲು ಹೊರಡುವವರಿಗೆ ನಾನು ಇದನ್ನೇ ಹೇಳುವುದು.

ಮನೆ ಪಕ್ಕದ ಮರದ ಮಾತು ಬೇರೆ. ಬುಡದಲ್ಲಿ ಗ್ಯಾನೋಡರ್ಮಾ ಇದ್ದರೆ ಬೇರು ಟೊಳ್ಳಾಗಿರಬಹುದು, ಗಾಳಿ ಮಳೆಗೆ ಉರುಳಬಹುದು. ಮರದ ಆರೋಗ್ಯ ಬಲ್ಲವರಿಗೆ ತೋರಿಸಿ. ಅಡಿಕೆ ಬೆಳೆಗಾರರಿಗೆ ಇದು ಹೊಸದಲ್ಲ. ನಾವು 'ಅಣಬೆ ರೋಗ' ಅನ್ನುವುದು ಗ್ಯಾನೋಡರ್ಮಾದ ಕೆಲಸವೇ. ಬುಡದಲ್ಲಿ ಅಣಬೆ ಏಳುವ ಹೊತ್ತಿಗೆ ಆ ಮರ ಕೈಬಿಟ್ಟಿರುತ್ತದೆ. ಸತ್ತ ಮರದ ಬೊಡ್ಡೆಯನ್ನು ಬೇರು ಸಹಿತ ತೆಗೆಯುವುದು, ಸುತ್ತ ಕಂದಕ ತೋಡಿ ಬೇರಿನ ಸಂಪರ್ಕ ಕಡಿಯುವುದು, ಬಸಿಗಾಲುವೆ ಸರಿ ಇಡುವುದು, ಇವೆಲ್ಲ ಪಕ್ಕದ ಮರಗಳನ್ನು ಉಳಿಸಲು.

ಕೊಳೆತ ಮರ ರಾತ್ರಿ ಹೊಳೆಯುತ್ತದಂತೆ, ನಿಜವಾ?

ನಿಜ. ಮೈಸೀನಾದಂಥ ಕೆಲವು ಕುಲಗಳಲ್ಲಿ ಅಣಬೆಯೋ, ಮರದೊಳಗಿನ ನೂಲೋ ಮಂದ ಹಸಿರು ಬೆಳಕು ಬೀರುತ್ತದೆ. ಪಶ್ಚಿಮ ಘಟ್ಟದ ತೇವದ ಕಾಡುಗಳಲ್ಲಿ ಜೋರು ಮಳೆಗಾಲದಲ್ಲಿ ಇದು ಕಾಣಸಿಗುತ್ತದೆ. ಟಾರ್ಚ್ ಆರಿಸಿ ಹತ್ತು ನಿಮಿಷ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಬಿಡಬೇಕು.

ಯಾವ ಕಾಲದಲ್ಲಿ ಹೋಗುವುದು ಒಳ್ಳೆಯದು?

ಮೆತ್ತನೆಯವಕ್ಕೆ ಆರಿದ್ರಾ ಮಳೆಯಿಂದ ಮುಂದೆ. ಗಟ್ಟಿಯಾದವು ಬೇಸಿಗೆಯಲ್ಲೂ ಮರದ ಮೇಲೇ ಇರುತ್ತವೆ, ಎಲೆ ಉದುರಿದ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತವೆ. ಆದರೆ ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇ ತನಕ ಉಣುಗಿನ ಕಾಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದಲೇ. ತರಗೆಲೆಯ ಮೇಲೆ ಸುಮ್ನೆ ಕೂರಬೇಡಿ. ಮೈ ಮುಚ್ಚುವ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ. ದಿಮ್ಮಿ ಎತ್ತುವಾಗ ನಿಮ್ಮ ಕಡೆಗೆ ಎಳೆದು ಎತ್ತಿ, ಅಡಿಯಲ್ಲಿ ಹಾವಿದ್ದರೆ ಆಚೆ ಹೋಗಲು ದಾರಿ ಇರುತ್ತದೆ. ಆನೆ ಇರುವ ಕಾಡಿನಲ್ಲಿ ಒಬ್ಬರೇ ಬಗ್ಗಿ ನೋಡುತ್ತಾ ಮೈಮರೆಯಬೇಡಿ. ಒಬ್ಬರು ನೋಡಲಿ, ಒಬ್ಬರು ಕಾಯಲಿ.

ಮಕ್ಕಳಿಗೆ ತೋರಿಸಲು ಯಾವುದರಿಂದ ಶುರು ಮಾಡಲಿ?

ಸ್ಕೈಜೋಫಿಲಮ್ ಕಮ್ಯೂನ್. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇದೆ. ನಿಮ್ಮ ಸೌದೆ ರಾಶಿಯಲ್ಲೂ ಇರಬಹುದು. ಒಂದೆರಡು ಸೆಂಟಿಮೀಟರಿನ ಬಿಳಿ ಬೀಸಣಿಗೆ, ಮೇಲೆ ರೋಮ. ಕೆಳಗಿನ ಪ್ರತಿ ಕಿವಿರೂ ಉದ್ದಕ್ಕೆ ಎರಡಾಗಿ ಸೀಳಿರುತ್ತದೆ. ಮಣಿಪುರದಲ್ಲಿ ಇದನ್ನು ಕಾಂಗ್ಲಾಯೆನ್ ಎಂದು ಕರೆದು ಅಡುಗೆಗೆ ಬಳಸುತ್ತಾರೆ.

ಒಣಗಿದಾಗ ಸೀಳಿದ ಅಂಚುಗಳು ಒಳಕ್ಕೆ ಸುರುಳಿ ಸುತ್ತಿಕೊಂಡು ಬೀಜಕದ ಪದರವನ್ನು ಮುಚ್ಚುತ್ತವೆ. ಒಣಗಿದ ಒಂದು ಕೊಂಬೆ ತನ್ನಿ. ಮಕ್ಕಳು ಲೆನ್ಸಿನಲ್ಲಿ ಕೆಳಭಾಗ ನೋಡಲಿ. ಆಮೇಲೆ ಒದ್ದೆ ಬಟ್ಟೆ ಸುತ್ತಿ ಕೆಲವು ಗಂಟೆ ಬಿಟ್ಟು ಮತ್ತೆ ನೋಡಲಿ. ಸುರುಳಿಗಳು ಬಿಚ್ಚಿಕೊಂಡಿರುತ್ತವೆ. ಒಣಗಿಸಿ ಮುಚ್ಚಿಟ್ಟಿದ್ದ ಮಾದರಿಗಳು ಐವತ್ತು ವರ್ಷದ ಮೇಲೆ ನೀರು ತಾಗಿಸಿದಾಗ ಹೀಗೇ ಬಿಚ್ಚಿಕೊಂಡು ಬೀಜಕ ಉದುರಿಸಿದ ದಾಖಲೆ ಇದೆ. ನೋಡಿದ ಮೇಲೆ ಕೊಂಬೆಯನ್ನು ತಂದ ಜಾಗಕ್ಕೇ ಹಾಕಿ, ಮಕ್ಕಳ ಕೈ ತೊಳೆಸಿ.